ಜಗಲಿ ಮುಂದಕ್ಕೆ ತರುವಾಗ ಪಾಯ ಬೇಕಾ, ಬೇಡವಾ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆ, ಇಳಿಜಾರಿನ ಜಾಗದಲ್ಲಿರುವ ಹೆಂಚಿನ ಮನೆ. ಕಟ್ಟಿ 35 ವರ್ಷ ಆಯಿತು. ಸೈಜುಗಲ್ಲಿನ ಪಾಯ, ಮಣ್ಣಿನ ಗಾರೆಯ ಗೋಡೆ. ಮುಂದೆ ಐದು ಅಡಿ ಅಗಲದ ಜಗಲಿ ಇದೆ, ಅಂಗಳದಿಂದ ಎರಡು ಅಡಿ ಎತ್ತರ. ಮಳೆಗಾಲದಲ್ಲಿ ಎರಚಲು ಬಾಗಿಲವರೆಗೂ ಬರುತ್ತದೆ. ಅಪ್ಪನಿಗೆ ವಯಸ್ಸಾಗಿದೆ, ಹಗಲೆಲ್ಲ ಜಗಲಿಯಲ್ಲೇ ಕೂರುತ್ತಾರೆ. ಅದನ್ನು ಇನ್ನೂ ಎಂಟು ಅಡಿ ಮುಂದಕ್ಕೆ, 16 ಅಡಿ ಉದ್ದಕ್ಕೆ ತರಬೇಕು ಅಂತಿದ್ದೇವೆ. ಮೇಸ್ತ್ರಿ, "ಸುತ್ತ ಎರಡು ವರಸೆ ಬ್ಲಾಕ್ ಇಟ್ಟು, ಮಣ್ಣು ತುಂಬಿ, ನಾಲ್ಕು ಇಂಚು ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸಿದರೆ ಸಾಕು, ಪಾಯಕ್ಕೆ ದುಡ್ಡು ದಂಡ" ಅನ್ನುತ್ತಾರೆ. ಆದರೆ ಪಕ್ಕದ ಮನೆಯವರು ಹೀಗೇ ಮಾಡಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲ ಕುಸಿದು, ಮನೆಗೂ ಜಗಲಿಗೂ ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಪಾಯ ಬೇಕೇ? ಎಷ್ಟು ಆಳ? ನೆಲಕ್ಕೆ ಏನು ಹಾಕಬೇಕು? ಯುಗಾದಿ ಮುಗಿಸಿ ಶುರು ಮಾಡಿದರೆ ಮಳೆಗೆ ಮುಂಚೆ ಮುಗಿಯುತ್ತದಾ?

ಉತ್ತರ: ಪಾಯ ಬೇಕು. ಮಾಡು, ಅಂದರೆ ಚಾವಣಿ ಹೊರುವ ಕಂಬಗಳಿಗೆ ಆಳವಾದ ಪಾಯ ಬೇಕೇ ಬೇಕು. ನೆಲಕ್ಕೆ ಅಷ್ಟು ಆಳ ಬೇಡ. ಈ ಎರಡನ್ನೂ ಬೇರೆ ಬೇರೆ ನೋಡಿದರೆ ನಿಮ್ಮ ಖರ್ಚು ಮೇಸ್ತ್ರಿ ಹೆದರಿಸಿದಷ್ಟು ಆಗುವುದಿಲ್ಲ.

ಮೊದಲು ಪಕ್ಕದ ಮನೆಯಲ್ಲಿ ಆಗಿದ್ದೇನು ಅಂತ ನೋಡೋಣ. ಮಲೆನಾಡಿನ ಇಳಿಜಾರಿನಲ್ಲಿ ಮನೆ ಕಟ್ಟುವವರು ಗುಡ್ಡದ ಕಡೆ ಧರೆ ಕಡಿದು, ಆ ಮಣ್ಣನ್ನೇ ಇಳಿಜಾರಿನ ಕಡೆ ಎಳೆದು ಮಟ್ಟ ಮಾಡುತ್ತಾರೆ. ಹಾಗಾಗಿ ಮನೆಯ ಹಿಂಭಾಗ ಕಡಿದ ನೆಲದ ಮೇಲೆ, ಅಂದರೆ ಮೂಲ ನೆಲದ ಮೇಲೆ ಇರುತ್ತದೆ. ಮುಂದಿನ ಅಂಗಳ ಮಾತ್ರ ತುಂಬಿದ ಮಣ್ಣು. ಜಗಲಿಯನ್ನು ಮುಂದಕ್ಕೆ ಚಾಚಿದಷ್ಟೂ ನೀವು ಗಟ್ಟಿ ನೆಲ ಬಿಟ್ಟು ತುಂಬಿದ ಮಣ್ಣಿನ ಮೇಲೆ ಹೋಗುತ್ತೀರಿ. ಸಾಲದ್ದಕ್ಕೆ, ಹಳೆ ಪಾಯ ತೋಡಿದಾಗ ಅದರ ಪಕ್ಕದ ಗುಂಡಿಗೆ ಸುಮ್ನೆ ಮಣ್ಣು ಎಳೆದು ಮುಚ್ಚಿರುತ್ತಾರೆ. ಹಳೆ ಮನೆ ಕೂರಬೇಕಾದಷ್ಟು ಯಾವತ್ತೋ ಕೂತು ಆಗಿದೆ. ಹೊಸದು ಈಗ ಕೂರಲು ಶುರು ಮಾಡುತ್ತದೆ. ಎರಡನ್ನೂ ಸಿಮೆಂಟಿನಿಂದ ಒಂದಕ್ಕೊಂದು ಕಚ್ಚಿಸಿದ್ದರೆ ಎಲ್ಲಾದರೂ ಸೀಳಲೇಬೇಕು, ಅಲ್ವಾ? ಪಕ್ಕದ ಮನೆಯಲ್ಲಿ ಸೇರಿದ ಜಾಗದಲ್ಲೇ ಸೀಳಿದೆ. ಅದು ಅವರ ಪುಣ್ಯ. ಎಷ್ಟೋ ಕಡೆ ಹೊಸ ಜಗಲಿ ಇಳಿಯುವಾಗ ಹಳೆ ಗೋಡೆಯನ್ನೂ ಜೊತೆಗೆ ಎಳೆಯುತ್ತದೆ. ಮಣ್ಣಿನ ಗಾರೆಯ ಗೋಡೆಗೆ ಆ ಎಳೆತ ತಡೆಯುವ ಶಕ್ತಿ ಇಲ್ಲ.

ಆದ್ದರಿಂದ ನಾನು ಒತ್ತಿ ಹೇಳುವುದು ಇದನ್ನೇ. ಹೊಸ ಜಗಲಿಯನ್ನು ಹಳೆ ಮನೆಗೆ ಅಂಟಿಸಬೇಡಿ. ಅದು ತನ್ನ ಕಾಲ ಮೇಲೆ ತಾನೇ ನಿಲ್ಲಲಿ. ಹಳೆ ಗೋಡೆಗೆ ಬೋಲ್ಟ್ ಕೊರೆಯುವುದು, ಹಳೆ ಪಾಯದ ಕಲ್ಲು ಕಿತ್ತು ಹೊಸ ಕಲ್ಲು ಕಚ್ಚಿಸುವುದು, ಹಳೆ ಜಗಲಿಯ ನೆಲ ಒಡೆದು ಕಂಬಿ ತೂರಿಸುವುದು ಯಾವುದೂ ಬೇಡ.

ಈಗ ಆಳದ ಮಾತು. "ಮೂರು ಅಡಿ ಸಾಕು, ನಾಲ್ಕು ಅಡಿ ಸಾಕು" ಅಂತ ಕೂತಲ್ಲೇ ಹೇಳುವವರನ್ನು ನಂಬಬೇಡಿ. ಪಾಯದ ಆಳ ಕನಿಷ್ಠ 50 ಸೆಂಟಿಮೀಟರ್ ಇರಬೇಕು ಎನ್ನುತ್ತದೆ ಪಾಯದ ಬಗೆಗಿನ ಭಾರತೀಯ ಮಾನದಂಡ ಐ.ಎಸ್. 1904. ಆದರೆ ಅದು ಮೂಲ ನೆಲ ಮೇಲೇ ಸಿಗುವ ಜಾಗಕ್ಕೆ. ನಿಮ್ಮ ಅಂಗಳದಲ್ಲಿ ಎರಡು ಗುಂಡಿ ತೆಗೆಸಿ ನೋಡಬೇಕು. ಒಂದು ಹಳೆ ಜಗಲಿಯ ಹತ್ತಿರ, ಇನ್ನೊಂದು ಹೊಸ ಜಗಲಿಯ ಹೊರ ಮೂಲೆ ಬರುವಲ್ಲಿ. ಎರಡಡಿ ಚೌಕದ ಗುಂಡಿ ಸಾಕು. ತುಂಬಿದ ಮಣ್ಣಿನ ಗುರುತು ಸುಲಭ: ಬಣ್ಣ ಕಲಸಿಕೊಂಡಿರುತ್ತದೆ, ಹೆಂಚಿನ ಚೂರು, ಇದ್ದಿಲು, ಕೊಳೆತ ಬೇರು ಸಿಗುತ್ತವೆ. ಮೂಲ ನೆಲ ಬಂದಾಗ ಮಣ್ಣು ಒಂದೇ ಬಣ್ಣಕ್ಕೆ ತಿರುಗುತ್ತದೆ, ಗುದ್ದಲಿಯ ಸದ್ದು ಬದಲಾಗುತ್ತದೆ. ಹಾರೆಯನ್ನು ಸೊಂಟದೆತ್ತರದಿಂದ ಬಿಟ್ಟು ನೋಡಿ. ತುಂಬಿದ ಮಣ್ಣಿಗೆ ಅದು ಇಂಚುಗಟ್ಟಲೆ ಇಳಿಯುತ್ತದೆ, ಗಟ್ಟಿ ನೆಲದಲ್ಲಿ ತುದಿ ಮಾತ್ರ ಕಚ್ಚುತ್ತದೆ. ಆ ಗಟ್ಟಿ ನೆಲದೊಳಕ್ಕೆ ಇನ್ನೂ ಒಂದಡಿ ಹೋಗಿ ನಿಲ್ಲಿಸಿ. ಒಳಗಿನ ಗುಂಡಿಯಲ್ಲಿ ಎರಡೂವರೆ ಅಡಿಗೇ ಇದು ಸಿಗಬಹುದು, ಹೊರಗಿನ ಗುಂಡಿಯಲ್ಲಿ ಐದಡಿ ಬೇಕಾಗಬಹುದು. ಎರಡೂ ಒಂದೇ ಆಳ ಇರಬೇಕೆಂಬ ನಿಯಮ ಇಲ್ಲ. ಎರಡೂ ಮೂಲ ನೆಲ ಮುಟ್ಟಬೇಕು, ಅಷ್ಟೇ.

ಒಂದು ಎಚ್ಚರಿಕೆ. ಕೆಂಪು ಮಣ್ಣಿನ ಕೆಳಗೆ ಬಿಳಿ ಅಥವಾ ಗುಲಾಬಿ ಬಣ್ಣದ, ಕೈಗೆ ನುಣ್ಣಗೆ ತಾಗುವ ಶೇಡಿ ಮಣ್ಣು ಬಂದರೆ ಅಲ್ಲಿಗೇ ನಿಲ್ಲಿಸಿ. ಒಣಗಿದ್ದಾಗ ಅದು ಕಲ್ಲಿನಂತಿರುತ್ತದೆ, ನೀರು ಕುಡಿದರೆ ಶಕ್ತಿಯೇ ಉಳಿಯುವುದಿಲ್ಲ. ಅಂಥ ಕಡೆ ಒಬ್ಬ ಸಿವಿಲ್ ಎಂಜಿನಿಯರ್ ಬಂದು ಗುಂಡಿ ನೋಡಲಿ. 2018ರ ಆಗಸ್ಟ್‌ನಲ್ಲಿ ಸಕಲೇಶಪುರದ ಕಡೆ, 2019ರ ಆಗಸ್ಟ್‌ನಲ್ಲಿ ನಿಮ್ಮದೇ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದನ್ನು ನೀವೇ ಕಂಡಿದ್ದೀರಿ. ಇಳಿಜಾರಿನ ಅಂಚಿನಲ್ಲಿ ಮಣ್ಣಿನ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಪಾಯದ ತಳದ ಹೊರ ಅಂಚಿನಿಂದ ಇಳಿಜಾರಿನ ಮೈಗೆ ಅಡ್ಡಡ್ಡ ಅಳೆದರೆ ಕನಿಷ್ಠ ಮೂರು ಅಡಿ ಮಣ್ಣು ಉಳಿದಿರಬೇಕು. ಅಂಗಳದ ತುದಿಯ ಕಲ್ಲುಕಟ್ಟೆ ಗಟ್ಟಿ ಇದೆ ಅಂತ ಅದರ ಮೇಲೇ ಕಂಬ ನಿಲ್ಲಿಸುವವರಿದ್ದಾರೆ. ಆ ಕಟ್ಟೆ ಮಣ್ಣು ತಡೆಯಲು ಕಟ್ಟಿದ್ದು, ಮಾಡು ಹೊರಲು ಅಲ್ಲ.

ಅಜ್ಜಂಪುರ, ಕಡೂರು ಕಡೆ ಎರೆಮಣ್ಣಿನಲ್ಲಿ ಮನೆ ಇರುವವರು ಇದನ್ನು ಓದುತ್ತಿದ್ದರೆ, ಈ ಉತ್ತರದ ಅಳತೆಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಲೆಕ್ಕವೇ ಬೇರೆ.

ಕಂಬಗಳ ವಿಷಯಕ್ಕೆ ಬರುತ್ತೇನೆ. ಆರು ಕಂಬ ಸಾಕು. ಹೊರಗಿನ ಸಾಲಿನಲ್ಲಿ ಮೂರು, ಮನೆಯ ಕಡೆ ಮೂರು. ಮನೆಯ ಕಡೆಯ ಕಂಬಗಳ ನಡುವು ಹಳೆ ಜಗಲಿಯ ಅಂಚಿನಿಂದ ಎರಡಡಿ ದೂರ ಇರಲಿ. ಆಗ ಹೊಸ ಗುಂಡಿ ಹಳೆ ಪಾಯವನ್ನು ಕೆದಕುವುದಿಲ್ಲ. ಹಳೆ ಜಗಲಿಯ ಕಂಬಗಳ ನೇರಕ್ಕೇ ಇವು ಬಂದರೆ ಕಣ್ಣಿಗೂ ಅಡ್ಡ ಅನ್ನಿಸುವುದಿಲ್ಲ. ಎರಡೂವರೆ ಅಡಿ ಚೌಕದ, ಒಂದಡಿ ದಪ್ಪದ ಫುಟಿಂಗ್ (ಕಂಬದ ಬುಡದ ಅಗಲವಾದ ಕಾಂಕ್ರೀಟ್ ಪಾದ) ಹಗುರ ಮಾಡಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಕೆಳಗೆ ನಾಲ್ಕು ಇಂಚು ಬೆಡ್ ಕಾಂಕ್ರೀಟ್, ಅದರ ಮೇಲೆ ಎರಡೂ ದಿಕ್ಕಿಗೆ ಆರಾರು ಇಂಚಿಗೆ 10 ಮಿ.ಮೀ. ಕಂಬಿಯ ಜಾಲರಿ. ಜಾಲರಿ ಬೆಡ್‌ಗೆ ತಾಗಿರಬಾರದು, ಕೆಳಗೆ ಎರಡು ಇಂಚಿನ ಕವರ್ ಬ್ಲಾಕ್ (ಕಂಬಿ ಎತ್ತಿ ಹಿಡಿಯುವ ಬಿಲ್ಲೆ) ಇಡಿಸಿ. ಕಂಬ ಒಂಬತ್ತು ಇಂಚು ಚೌಕ, ನಾಲ್ಕು 12 ಮಿ.ಮೀ. ಕಂಬಿ, ಆರು ಇಂಚಿಗೊಂದು 8 ಮಿ.ಮೀ. ರಿಂಗ್. ಕಾಂಕ್ರೀಟ್ ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಇದೆಲ್ಲ ಹೆಂಚಿನ ಅಥವಾ ತಗಡಿನ ಮಾಡಿಗೆ ಹೇಳಿದ್ದು. ಮುಂದೆಂದಾದರೂ ಆರ್‌ಸಿಸಿ ತಾರಸಿ ಹಾಕುವ, ಮೇಲೊಂದು ಕೋಣೆ ಎತ್ತುವ ಆಸೆ ಇದ್ದರೆ ಈಗಲೇ ಎಂಜಿನಿಯರ್ ಹತ್ತಿರ ನಕ್ಷೆ ಮಾಡಿಸಿ. ಆಮೇಲೆ ಪಾಯ ಬಲಪಡಿಸುವುದು ಬಹಳ ಕಷ್ಟ.

ಮೂರೂ ಹೊರ ಬದಿಗೆ ಅಷ್ಟು ಆಳದಿಂದ ಕಲ್ಲು ಕಟ್ಟಿಕೊಂಡು ಬರಬೇಕಾಗಿಲ್ಲ. ಕಂಬದಿಂದ ಕಂಬಕ್ಕೆ ಅಂಗಳದ ಮಟ್ಟದಲ್ಲಿ ಒಂದು ಪ್ಲಿಂತ್ ಬೀಮ್, ಅಂದರೆ ಕಾಂಕ್ರೀಟ್ ತೊಲೆ ಹಾಯಿಸಿ. ಒಂಬತ್ತು ಇಂಚು ಅಗಲ, ಒಂದಡಿ ಆಳ, ನಾಲ್ಕು 12 ಮಿ.ಮೀ. ಕಂಬಿ. ಅದರ ಮೇಲೆ ಸೈಜುಗಲ್ಲಿನ ಒಂದೆರಡು ವರಸೆ ಬಂದರೆ ನೆಲ ಹಿಡಿದಿಡುವ ಅಂಚು ಸಿದ್ಧ. ಮೇಸ್ತ್ರಿ ದಂಡ ಅಂದ ದುಡ್ಡಿನಲ್ಲಿ ದೊಡ್ಡ ಪಾಲು ಉಳಿಯುವುದು ಇಲ್ಲೇ.

ಗುಂಡಿ ತೋಡುವಾಗ ಮನೆಯ ಕಡೆಯ ಮೂರನ್ನೂ ಒಂದೇ ದಿನ ತೋಡಿ ಬಿಡಬೇಡಿ. ಒಂದನ್ನು ತೋಡಿ, ಕಾಂಕ್ರೀಟ್ ಹಾಕಿ, ಮುಚ್ಚಿ ಗಟ್ಟಿಸಿದ ಮೇಲೆ ಇನ್ನೊಂದಕ್ಕೆ ಹೋಗಲಿ. ಹಳೆ ಪಾಯದ ತಳ ಎಲ್ಲಿದೆ ಅಂತ ಮೊದಲ ಗುಂಡಿಯಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಕಾಗಿ ಬಂದರೆ ಕೆಲಸ ನಿಲ್ಲಿಸಿ, ಕಂಬವನ್ನು ಇನ್ನೂ ಒಂದಡಿ ದೂರ ಸರಿಸಿ. ಹಳೆ ಪಾಯದ ಮಗ್ಗುಲಲ್ಲೇ ಅದಕ್ಕಿಂತ ಆಳದ ಗುಂಡಿ ತೆಗೆದು ಬಿಟ್ಟರೆ, ಅದರಡಿಯ ಮಣ್ಣು ಪಕ್ಕಕ್ಕೆ ಜಾರಲು ದಾರಿ ಮಾಡಿಕೊಟ್ಟಂತೆ. ಏಪ್ರಿಲ್ ತಿಂಗಳ ಒಂದು ಸಂಜೆ ಮಳೆ ಬಂದರೂ ಸಾಕು.

ನೀವು ಕೇಳದ ಒಂದು ವಿಷಯ ಇದೆ, ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಅಲ್ಲೇ. ಮಾಡಿನ ಎತ್ತರ. ನಿಮ್ಮ ಹಳೆ ಸೂರು ಜಗಲಿಯ ನೆಲದಿಂದ ಸುಮಾರು ಏಳು ಅಡಿ ಇರಬಹುದು. ಹೆಂಚಿನ ಮಾಡು ಎರಡಡಿ ಮುಂದಕ್ಕೆ ಹೋದರೆ ಒಂದಡಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಅದೇ ಓಟದಲ್ಲಿ ಎಂಟು ಅಡಿ ಮುಂದಕ್ಕೆ ತಂದರೆ ನಾಲ್ಕು ಅಡಿ ಇಳಿಯಿತು. ಹೊರ ಅಂಚು ನೆಲದಿಂದ ಮೂರೇ ಅಡಿ! ಪಾಯ, ಕಂಬ ಎಲ್ಲ ಮುಗಿದ ಮೇಲೆ ಬಡಗಿ ಬಂದು ಇದನ್ನು ಹೇಳುತ್ತಾನೆ. ಆಗ ಇಳಿಜಾರು ಕಡಿಮೆ ಮಾಡಿ ಅದರ ಮೇಲೇ ಹೆಂಚು ಹೊದಿಸುತ್ತಾರೆ. ಇಳಿಜಾರು ಕಡಿಮೆಯಾದ ಹೆಂಚಿನ ಮಾಡು ನಿಮ್ಮ ಕಡೆಯ ಗಾಳಿ ಮಳೆಗೆ ಸೋರದೆ ಇರುವುದಿಲ್ಲ. ಮುಂದಕ್ಕೆ ಮುಖ ಮಾಡಿದ ಎರಡು ಇಳಿಜಾರಿನ ಮಾಡು ಕಟ್ಟಬಹುದು, ಚೆಂದವೂ ಕಾಣುತ್ತದೆ. ಆದರೆ ಅದು ಹಳೆ ಮಾಡಿನ ಮೇಲೆ ಹತ್ತಿ ಕೂರಬೇಕು, ಹಳೆ ಪಕಾಸಿಗಳ (ಮಾಡಿನ ಇಳಿಜಾರು ಮರಗಳ) ಮೇಲೆ ಭಾರ ಬೀಳುತ್ತದೆ, ಎರಡು ಮಾಡು ಸೇರುವ ಕಣಿವೆಗಳಲ್ಲಿ ಎಲೆ ಕಟ್ಟಿ ನೀರು ಒಳಗೆ ಬರುತ್ತದೆ.

ನನ್ನ ಸಲಹೆ ಬೇರೆ. ಹೊಸ ಜಗಲಿಯ ನೆಲವನ್ನು ಹಳೆಯದಕ್ಕಿಂತ ಒಂದಡಿ ಕೆಳಗೆ ಮಾಡಿ. ಮಾಡಿಗೆ ತಗಡು ಹಾಕಿ, 10 ಡಿಗ್ರಿ ಇಳಿಜಾರು ಕೊಡಿ. ಎಂಟು ಅಡಿಗೆ ಅದು ಇಳಿಯುವುದು ಒಂದಡಿ ಐದು ಇಂಚು. ಹಳೆ ಸೂರಿನ ಕೆಳಗೆ ಆರು ಇಂಚು ಬಿಟ್ಟು ಹೊಸ ಮಾಡು ಶುರುವಾದರೂ ಹೊರ ಅಂಚು ಹೊಸ ನೆಲದಿಂದ ಆರು ಅಡಿ ಉಳಿಯುತ್ತದೆ. ಇದೇ ಕನಿಷ್ಠ ಅಂತ ಇಟ್ಟುಕೊಳ್ಳಿ. ಹಳೆ ಸೂರು ಇನ್ನೂ ತಗ್ಗಿದ್ದರೆ ಜಗಲಿಯ ಅಗಲವನ್ನು ಆರು ಅಡಿಗೆ ಇಳಿಸಿ. ತಗಡು ಹಳೆ ಸೂರಿನ ಒಳಕ್ಕೆ ಒಂದಡಿಯಾದರೂ ಹೋಗಿರಲಿ, ಹಳೆ ಮಾಡನ್ನು ಎಲ್ಲೂ ಮುಟ್ಟದಿರಲಿ. ತಗಡಿಗೆ ಭಾರಕ್ಕಿಂತ ಗಾಳಿಯ ಭಯ ಜಾಸ್ತಿ. ಜುಲೈ ತಿಂಗಳ ಗಾಳಿ ಅದನ್ನು ಕೆಳಗಿನಿಂದ ಎತ್ತಲು ನೋಡುತ್ತದೆ. ಕಬ್ಬಿಣದ ಚೌಕಟ್ಟನ್ನು ಕಂಬದ ಕಾಂಕ್ರೀಟಿನಲ್ಲಿ ಮೊದಲೇ ಇಟ್ಟ ಬೋಲ್ಟ್‌ಗಳಿಗೆ ಬಿಗಿಯಬೇಕು. ಹೆಂಚಿನ ಅಂದವೇ ಬೇಕೆಂದರೆ ತಗಡಿನ ಮೇಲೆ ರೀಪು (ತೆಳು ಪಟ್ಟಿ) ಹೊಡೆದು ಹೆಂಚು ಹೊದಿಸಿ. ಆಗ ನೀರು ತಡೆಯುವುದು ತಗಡಿನ ಕೆಲಸ. ಭಾರ ಜಾಸ್ತಿಯಾಗುತ್ತದೆ, ಚೌಕಟ್ಟು ಮಾಡುವವನಿಗೆ ಮೊದಲೇ ಹೇಳಿರಬೇಕು.

ನೆಲ ಒಂದಡಿ ತಗ್ಗಿಸಿದ್ದರ ಲಾಭ ಇನ್ನೂ ಇದೆ. ಅಂಗಳದಿಂದ ಹೊಸ ಜಗಲಿಯ ಎತ್ತರ ಒಂದಡಿ ಮಾತ್ರ ಆಯಿತು. ಅದರಲ್ಲಿ ಆರು ಇಂಚು ಸೋಲಿಂಗ್ (ಕಲ್ಲು ಜೋಡಿಸಿದ ಪದರ), ನಾಲ್ಕು ಇಂಚು ಕಾಂಕ್ರೀಟ್, ಎರಡು ಇಂಚು ಗಾರೆ ಮತ್ತು ಹಾಸುಗಲ್ಲು. ಅಲ್ಲಿಗೆ ಲೆಕ್ಕ ಮುಗಿಯಿತು, ಮಣ್ಣು ತುಂಬುವ ಕೆಲಸವೇ ಇಲ್ಲ! ನೆಲ ಕುಸಿಯುವುದು ಹೊಸದಾಗಿ ತುಂಬಿದ ಮಣ್ಣಿನಿಂದ. ಅಂಗಳದ ಹಳೆ ಮಣ್ಣು 35 ಮಳೆಗಾಲ ಕುಡಿದು ಕೂತಿದೆ. ಮಾಡಿನ ಭಾರ ಅದರ ಮೇಲೆ ಬೀಳದಿದ್ದರೆ, ಬರೀ ನೆಲವನ್ನು ಅದು ಚೆನ್ನಾಗಿಯೇ ಹೊರುತ್ತದೆ. ಹಳೆ ಗೋಡೆಯ ಬುಡಕ್ಕೆ ಒದ್ದೆ ಮಣ್ಣು ಆನಿಸುವುದೂ ತಪ್ಪಿತು. ಅಪ್ಪನವರಿಗೆ ಇಳಿಯಲು ಆರಾರು ಇಂಚಿನ ಎರಡು ಮೆಟ್ಟಿಲು ಮಾಡಿ. ಪ್ರತಿ ಮೆಟ್ಟಿಲು ಒಂದಡಿ ಅಗಲ ಇರಲಿ, ಪಕ್ಕಕ್ಕೆ ಕೈಹಿಡಿ ಹಾಕಿಸಿ. ಕೈಹಿಡಿ ಮರೆಯಬೇಡಿ.

ಸೋಲಿಂಗ್‌ಗೆ ಮುಂಚೆ ಮೇಲಿನ ಆರು ಇಂಚು ಮಣ್ಣನ್ನು ಬೇರು, ಕಸದ ಸಮೇತ ಕೆರೆದು ತೆಗೆಸಿ. ಆ ಜಾಗಕ್ಕೆ ಗ್ರಾವೆಲ್ ಹಾಕಿ ನೀರು ಚಿಮುಕಿಸಿ ದಿಮ್ಮಸಿನಿಂದ ಹೊಡೆಸಿ. ಕಂಬದ ಗುಂಡಿ ಮುಚ್ಚುವಾಗಲೂ ಆರು ಇಂಚಿಗೊಂದು ಪದರ, ಪ್ರತಿ ಪದರಕ್ಕೂ ನೀರು, ಪೆಟ್ಟು. ಇದನ್ನು ಎದುರಿಗೆ ನಿಂತು ಮಾಡಿಸಬೇಕು. ಕಾಂಕ್ರೀಟ್ ಹಾಕುವ ದಿನ ಎಲ್ಲರೂ ಬಂದು ನೋಡುತ್ತಾರೆ, ಗುಂಡಿ ಮುಚ್ಚುವ ದಿನ ಯಾರೂ ಇರುವುದಿಲ್ಲ. ಗೆದ್ದಲು ಔಷಧಿ ಹೊಡೆಸುವುದಿದ್ದರೆ ಅದಕ್ಕೂ ಇದೇ ಸಮಯ. ಬಾವಿ ಹತ್ತಿರ ಇದ್ದರೆ ಬೇಡ.

ಮಳೆಗೆ ಮುಂಚೆ ಮುಗಿಯುತ್ತದಾ ಅಂದಿರಿ. ಪಾಯ, ಕಂಬ, ಮಾಡು, ಸೋಲಿಂಗ್ ಮೇ ಕೊನೆಗೆ ಮುಗಿಸಿ. ನೆಲ ಈ ವರ್ಷ ಹಾಕಬೇಡಿ. ಸೋಲಿಂಗ್ ಮೇಲೆ ಜಲ್ಲಿಪುಡಿ ಹರಡಿ, ನೀರು ಹಾಕಿ ಗಟ್ಟಿಸಿ ಬಿಡಿ. ಎರಚಲು ಬಾಗಿಲಿಗೆ ಬರುವುದು ಈ ಮಳೆಗಾಲದಲ್ಲೇ ನಿಲ್ಲುತ್ತದೆ, ಖುರ್ಚಿ ಹಾಕಿ ಕೂರಲೂಬಹುದು. ಮುಚ್ಚಿದ ಗುಂಡಿಗಳು ಒಂದು ಮಳೆಗಾಲದಲ್ಲಿ ಎಷ್ಟು ಇಳಿಯಬೇಕೋ ಅಷ್ಟು ಇಳಿಯಲಿ. ದೀಪಾವಳಿ ಕಳೆದ ಮೇಲೆ ತಗ್ಗು ಬಿದ್ದಲ್ಲಿ ತುಂಬಿ, ಗಟ್ಟಿಸಿ, ಆಗ ಕಾಂಕ್ರೀಟ್ ಹಾಕಿ. ಈ ಆರು ತಿಂಗಳ ತಾಳ್ಮೆಗೆ ಸಮನಾದ ಔಷಧಿ ಯಾವ ಸಿಮೆಂಟಿನಲ್ಲೂ ಇಲ್ಲ.

ಆ ಮಳೆಗಾಲ ಇನ್ನೊಂದನ್ನೂ ತೋರಿಸುತ್ತದೆ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಹೊಸ ಮಾಡು ಸುಮಾರು 15 ಚದರ ಮೀಟರ್, ಅದರ ಮೇಲೆ ಸುರಿಯುವ ಹಳೆ ಮಾಡು ಇನ್ನೊಂದು 25 ಅಂದುಕೊಳ್ಳಿ. ದಿನಕ್ಕೆ 100 ಮಿ.ಮೀ. ಮಳೆ ನಿಮ್ಮ ಕಡೆ ಹೊಸದಲ್ಲ. ಅಂಥ ದಿನ ನಾಲ್ಕು ಸಾವಿರ ಲೀಟರ್ ನೀರು ಹೊರ ಕಂಬಗಳ ಬುಡದಲ್ಲೇ ಬೀಳುತ್ತದೆ. ಮಾಡಿನ ಹೊರ ಅಂಚಿಗೆ ನೀರು ಹಿಡಿಯುವ ಆರು ಇಂಚಿನ ದೋಣಿ ಹಾಕಿ, ಎರಡೂ ತುದಿಗೆ ನಾಲ್ಕು ಇಂಚಿನ ಪೈಪ್ ಇಳಿಸಿ, ಚರಂಡಿಗೆ ಸೇರಿಸಿ. ಧರೆಯ ಅಂಚಿಗೆ ತಂದು ಬಿಡಬೇಡಿ. ಅಲ್ಲಿಂದಲೇ ಕೊರೆತ ಶುರುವಾಗುತ್ತದೆ.

ನೆಲದ ಕಾಂಕ್ರೀಟ್ ನಾಲ್ಕು ಇಂಚು, ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿ. 128 ಚದರ ಅಡಿಗೆ ಸುಮಾರು ಎಂಟು ಮೂಟೆ ಸಿಮೆಂಟು ಬೇಕು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೆಲದಿಂದ ತೇವ ಏರುವುದು ನಿಲ್ಲುತ್ತದೆ. ಮೂಟೆಗೆ 25 ಲೀಟರಿಗಿಂತ ಜಾಸ್ತಿ ನೀರು ಹಾಕಲು ಬಿಡಬೇಡಿ, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಹೊರಕ್ಕೆ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಎಂಟು ಅಡಿಗೆ ಒಂದೂಕಾಲು ಇಂಚು. ಆ ವಾಟ ಕಾಂಕ್ರೀಟಿನಲ್ಲೇ ಬರಬೇಕು, ಟೈಲ್ಸ್ ಹಾಕುವಾಗ ಗಾರೆಯಲ್ಲಿ ಸರಿ ಮಾಡುತ್ತೇವೆ ಅಂದರೆ ಒಪ್ಪಬೇಡಿ. 16 ಅಡಿ ಉದ್ದವನ್ನು ಎರಡು ಭಾಗ ಮಾಡಿ ನಡುವೆ ಸಂದು ಬಿಡಿ. ಹಳೆ ಜಗಲಿಯ ಕಟ್ಟೆಗೂ ಹೊಸ ನೆಲಕ್ಕೂ ನಡುವೆ ಅರ್ಧ ಇಂಚು ದಪ್ಪದ ಥರ್ಮಾಕೋಲ್ ಪಟ್ಟಿ ನಿಲ್ಲಿಸಿ. ಆಮೇಲೆ ಅದರ ಮೇಲ್ತುದಿ ಕೆರೆದು ಪಾಲಿಸಲ್ಫೈಡ್ ಸೀಲಂಟ್ (ರಬ್ಬರಿನಂತೆ ಹಿಗ್ಗುವ ಅಂಟು) ತುಂಬಿ. ಹೊಸ ನೆಲ ಒಂದೆರಡು ಮಿ.ಮೀ. ಇಳಿದರೂ ಆ ಸಂದು ನುಂಗಿಕೊಳ್ಳುತ್ತದೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ ಹತ್ತು ದಿನವಾದರೂ ಗೋಣಿ ಹೊದಿಸಿ ಒದ್ದೆ ಇಡಿ.

ಮೇಲೆ ಏನು ಹಾಸಬೇಕು? ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಬೇಡ, ಪಾಲಿಶ್ ಗ್ರಾನೈಟ್ ಕೂಡ ಬೇಡ. ವಯಸ್ಸಾದವರು ಒದ್ದೆ ಕಾಲಿನಲ್ಲಿ ಓಡಾಡುವ ಜಾಗ ಅದು. ಮಣ್ಣಿನ ಟೆರಾಕೋಟಾ ನೋಡಲು ಚೆಂದ, ನಿಮ್ಮ ಮಳೆಗೆ ಪಾಚಿ ಕಟ್ಟುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲ ನನಗೆ ತುಂಬಾ ಇಷ್ಟ. ಆದರೆ ಈಗ ಅದನ್ನು ಚೆನ್ನಾಗಿ ತಿಕ್ಕುವ ಕೈಗಳು ಕಡಿಮೆ, ಹೊಸ ನೆಲದಲ್ಲಿ ಕೂದಲೆಳೆಯ ಬಿರುಕೂ ಬರುತ್ತದೆ. ನಾನಾಗಿದ್ದರೆ ಒರಟು ಮೈಯ ಗ್ರಾನೈಟ್, ಅಂದರೆ ಫ್ಲೇಮ್ ಮಾಡಿದ ಕಲ್ಲು ಹಾಕಿಸುತ್ತಿದ್ದೆ. ಅದು ಜಾರುವುದಿಲ್ಲ, ನೀರು ಹೀರುವುದೂ ತೀರಾ ಕಡಿಮೆ, ಖುರ್ಚಿ ಎಳೆದಾಡಿದರೂ ಸವೆಯುವುದಿಲ್ಲ. ಕಲ್ಲಿನ ನಡುವೆ ಮೂರು ಮಿ.ಮೀ. ಸಂದು ಇರಲಿ. ಕಾಂಕ್ರೀಟಿನಲ್ಲಿ ಬಿಟ್ಟ ಸಂದಿನ ಮೇಲೆಯೇ ಕಲ್ಲಿನ ಸಂದೂ ಬರಲಿ, ಅಡ್ಡ ಕೂತ ಕಲ್ಲು ಸೀಳುತ್ತದೆ. ಬಜೆಟ್ ಬಿಗಿಯಾಗಿದ್ದರೆ ಮ್ಯಾಟ್ ಮೈಯ, ಹೊರಾಂಗಣಕ್ಕೆ ಅಂತಲೇ ಮಾಡಿದ ಟೈಲ್ಸ್ ಆಗಬಹುದು. ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಉಂಡೆ ಗಾರೆ ಇಟ್ಟು ಟೈಲ್ಸ್ ಒತ್ತಲು ಮಾತ್ರ ಅವಕಾಶ ಕೊಡಬೇಡಿ. ಕೆಳಗೆ ಟೊಳ್ಳು ಉಳಿದು ನೀರು ನಿಲ್ಲುತ್ತದೆ. ಪೂರ್ತಿ ಮೈಗೆ ಅಂಟು ಹಚ್ಚಿ ಕೂರಿಸಬೇಕು. ಕಲ್ಲು ಕೂತ ಮಾರನೇ ದಿನ ಒಂದು ನಾಣ್ಯ ಹಿಡಿದು ಒಂದೊಂದನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಗಾರೆ ಹಸಿ ಇರುವಾಗಲೇ ಎತ್ತಿಸಿ, ಮತ್ತೆ ಹಾಕಿಸಿ.

ಕೆಲಸಕ್ಕೆ ಮುಂಚೆ ಗ್ರಾಮ ಪಂಚಾಯಿತಿಯಲ್ಲಿ ವಿಸ್ತರಣೆಗೆ ಪರವಾನಗಿ ಕೇಳಿ ಪಡೆಯಿರಿ. ಮುಂದೆ ರಸ್ತೆ ಇದ್ದರೆ ಎಷ್ಟು ಜಾಗ ಬಿಡಬೇಕು ಅಂತಲೂ ಆಗಲೇ ಕೇಳಿಕೊಳ್ಳಿ. ಎರಡೂ ಗುಂಡಿ ತೆಗೆಸಿದ ದಿನ, ಮುಚ್ಚುವ ಮೊದಲು, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೊ ತೆಗೆದು ಕಳಿಸಿ. ಮಣ್ಣಿನ ಪದರ ನೋಡಿದರೆ ಯಾವ ಕಂಬ ಎಷ್ಟು ಆಳ ಹೋಗಬೇಕು ಅಂತ ಇನ್ನೂ ಖಚಿತವಾಗಿ ಹೇಳಬಹುದು.